ಬಸದಿ, ಬಸ್ತಿ, ವಸ್ತಿ: ಒಂದು ಪದದ ಜಾಡು

ಭಟ್ಕಳದಿಂದ ಕುಮಟೆಯವರೆಗಿನ ಕರಾವಳಿಯ ಜೈನ ಇತಿಹಾಸವನ್ನು ಅಭ್ಯಸಿಸುವವರಿಗೆ ಮೊದಲು ಎದುರಾಗುವ ಪದ ‘ಬಸ್ತಿ’. ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸ್ತಿ, ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯ ಚತುರ್ಮುಖ ಬಸ್ತಿ ಎನ್ನುವಲ್ಲಿ ಅದರ ಅರ್ಥ ಜಿನಾಲಯ. ಅದೇ ಭಟ್ಕಳದಲ್ಲಿ ಉರ್ದು ಬಲ್ಲವರಿಗೆ ಬಸ್ತಿ ಎಂದರೆ ಜನ ನೆಲೆಸಿದ ಕೇರಿ. ಆಯುರ್ವೇದ ವೈದ್ಯರಿಗೆ ಅದು ಪಂಚಕರ್ಮಗಳಲ್ಲಿ ಒಂದು.

ಮೊದಲೆರಡು ಅರ್ಥಗಳು ಒಂದೇ ಬೇರಿನವು. ಸಂಸ್ಕೃತದ ‘ವಸ್’ ಧಾತುವಿನಿಂದ ‘ವಸತಿ’. ವಕಾರವು ಬಕಾರವಾಗಿ, ತಕಾರವು ದಕಾರವಾಗಿ ಕನ್ನಡದಲ್ಲಿ ‘ಬಸದಿ’ ಎಂಬ ತದ್ಭವ ನಿಂತಿತು. ಆಡುಮಾತಿನಲ್ಲಿ ಅದು ‘ಬಸ್ತಿ’. ವಾಸಸ್ಥಾನವೆಂಬ ಸಾಮಾನ್ಯಾರ್ಥ ಕನ್ನಡದಲ್ಲಿ ಜಿನನ ನೆಲೆಗೆ ಸೀಮಿತವಾಯಿತು. ಹಿಂದಿ, ಉರ್ದುಗಳಲ್ಲಿ ಜನರ ನೆಲೆಯಾಗಿಯೇ ಉಳಿಯಿತು. ರಾತ್ರಿ ಹಳ್ಳಿಯಲ್ಲೇ ತಂಗುವ ‘ವಸ್ತಿ ಬಸ್ಸಿ’ನಲ್ಲಿರುವುದೂ ಈ ಬೇರೇ. ವೈದ್ಯರ ಬಸ್ತಿ ಮಾತ್ರ ಮೂತ್ರಾಶಯವೆಂಬ ಅರ್ಥದ ಬೇರೊಂದು ಸಂಸ್ಕೃತ ಪದದಿಂದ ಬಂದದ್ದು.

ಒಂದೇ ಕಟ್ಟಡದೊಳಗೂ ಪದದ ವ್ಯಾಪ್ತಿ ಹಿಗ್ಗಿ ಕುಗ್ಗುತ್ತದೆ. ಚಂದ್ರನಾಥೇಶ್ವರ ಬಸ್ತಿಯನ್ನು ಅಗ್ರಶಾಲೆ, ಭೋಗಮಂಟಪ, ಬಸ್ತಿ ಎಂದು ವಿಂಗಡಿಸುವಾಗ ಎರಡಂತಸ್ತಿನ ಹಿಂಭಾಗವಷ್ಟೇ ಬಸ್ತಿ. ಊರವರ ಮಾತಿನಲ್ಲಿ ಇಡೀ ಕಟ್ಟಡವೇ ಬಸ್ತಿ.

ಇಂಥ ವಿವೇಚನೆ ಈ ನೆಲಕ್ಕೆ ಹೊಸದಲ್ಲ. 1604ರಲ್ಲಿ 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕದೇವನ ಗುರುಪರಂಪರೆ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯದು, ಅಂದರೆ ಅಂದಿನ ಸಂಗೀತಪುರದ್ದು.

ಸಂಶೋಧಕರಿಗೆ ಇದು ಕೇವಲ ನಿಘಂಟಿನ ಕುತೂಹಲವಲ್ಲ. ಮುರ್ಡೇಶ್ವರದ ಬಳಿಯ ‘ಬಸ್ತಿಮಕ್ಕಿ’ಯನ್ನೇ ನೋಡಿ. ‘ಮಕ್ಕಿ’ ಎಂದರೆ ಮಳೆಯನ್ನೇ ನಂಬಿದ ಎತ್ತರದ ಗದ್ದೆ. ಬಸ್ತಿಯನ್ನು ಕೇರಿಯೆಂದು ಓದಿದರೆ ಅದು ಕೇರಿಯ ಪಕ್ಕದ ಗದ್ದೆ; ಬಸದಿಯೆಂದು ಓದಿದರೆ ಜಿನಾಲಯಕ್ಕೆ ಸೇರಿದ ಭೂಮಿಯ ಸುಳಿವು. ಮೊದಲ ಓದನ್ನೇ ಹಿಡಿದರೆ ಒಂದು ಜೈನ ನೆಲೆಯ ಕೊನೆಯ ಗುರುತು ಅಳಿಸಿಹೋದೀತು. ಎರಡನೆಯದನ್ನು ಎಲ್ಲೆಡೆಯೂ ಹೊರಿಸಿದರೆ ಇಲ್ಲದ ಬಸದಿಗಳು ಹುಟ್ಟಿಯಾವು. ಶಾಸನ, ಶಿಲ್ಪದ ಅವಶೇಷ, ಹಳೆಯ ಭೂದಾಖಲೆ, ಸುತ್ತಲಿನ ಗದ್ದೆಗಳ ಹೆಸರು ಇವುಗಳನ್ನು ಕೂಡಿಸಿಯೇ ತೀರ್ಮಾನಿಸಬೇಕು.

ಪೂಜೆ ನಿಂತು, ಕಟ್ಟಡ ಕುಸಿದು, ಶ್ರಾವಕರು ಚದುರಿದ ಮೇಲೂ ಊರಿನ ಹೆಸರು ಉಳಿಯುತ್ತದೆ. ಅದು ಯಾರ ವಸತಿಯಾಗಿತ್ತೆಂಬುದನ್ನು ಆ ನೆಲದ ಮೇಲೆ ನಿಂತೇ ಕೇಳಬೇಕು.