ದೋಣಿ ಸಾಗದ ಕಾಲುವೆ: ಇಂಗ್ಲೆಂಡಿನ ಜಲಮಾರ್ಗವೂ ನಮ್ಮ ಎಡದಂಡೆಯೂ

ಆರ್.ಎಚ್. ಕ್ಯಾಂಪ್ (ಸಿಂಧನೂರು): ಇಲ್ಲಿಯ ಕ್ಯಾಂಪ್‌ಗಳ ಹೆಸರಿನಲ್ಲಿರುವ ಆರ್.ಎಚ್. ಎಂಬ ಅಕ್ಷರಗಳು ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಪದದಿಂದ ಬಂದವು. ಪೂರ್ವ ಪಾಕಿಸ್ತಾನವನ್ನು, ಅಂದರೆ ಇಂದಿನ ಬಾಂಗ್ಲಾದೇಶವನ್ನು ತೊರೆದು ಬಂದ ಬಂಗಾಳಿ ಕುಟುಂಬಗಳಿಗೆ ಕೇಂದ್ರ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕಲ್ಪಿಸಿತು. ಮಳೆಗಾಲದಲ್ಲಿ ಸಂತೆಗೂ ಮದುವೆಗೂ ದೋಣಿಯಲ್ಲಿಯೇ ಹೋಗುವ ನಾಡಿನಿಂದ ಬಂದವರು ನೆಲೆಸಿದ್ದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ. 227 ಕಿ.ಮೀ. ಉದ್ದದ ಈ ಕಾಲುವೆಯಲ್ಲಿ ದೋಣಿ ಸಂಚಾರವಿಲ್ಲ. ಇಷ್ಟೊಂದು ನೀರು ಹರಿಯುವಲ್ಲಿ ದೋಣಿ ಏಕಿಲ್ಲ ಎಂಬ ಪ್ರಶ್ನೆ ಸಹಜವಾದದ್ದೇ. ಉತ್ತರ ತಿಳಿಯಲು ದೋಣಿಗಾಗಿಯೇ ತೋಡಿದ ಕಾಲುವೆ ಹೇಗಿರುತ್ತದೆಂಬುದನ್ನು ಮೊದಲು ನೋಡಬೇಕು.

ಅಂತಹ ಕಾಲುವೆಗಳಿಗೆ ಇಂಗ್ಲೆಂಡ್ ಹೆಸರುವಾಸಿ. ಕಲ್ಲಿದ್ದಲನ್ನು ಮ್ಯಾಂಚೆಸ್ಟರ್ ನಗರಕ್ಕೆ ಸಾಗಿಸಲು 1761ರಲ್ಲಿ ತೆರೆದ ಬ್ರಿಜ್‌ವಾಟರ್ ಕಾಲುವೆಯ ಬಳಿಕ ಅಲ್ಲಿ ಕಾಲುವೆಗಳ ಜಾಲವೇ ಹರಡಿತು. ಅದರಲ್ಲಿ ಸಾಗುವ 'ನ್ಯಾರೋಬೋಟ್' ಸುಮಾರು 7 ಅಡಿ ಅಗಲ, ಹೆಚ್ಚೆಂದರೆ 72 ಅಡಿ ಉದ್ದದ್ದು. ಹಿಂದೆ ದಂಡೆಯ ಮೇಲೆ ನಡೆಯುವ ಕುದುರೆ ಅದನ್ನು ಹಗ್ಗದಿಂದ ಎಳೆಯುತ್ತಿತ್ತು. ರೈಲು, ಲಾರಿಗಳು ಬಂದ ಮೇಲೆ ಸರಕು ಸಾಗಣೆ ಕುಸಿಯಿತು. ಇಂದು ಆ ದೋಣಿಗಳಲ್ಲಿ ಹಾಸಿಗೆ, ಒಲೆಗಳಿವೆ, ಡೀಸೆಲ್ ಎಂಜಿನ್ ಇದೆ. ರಜೆಯ ದಿನ ಕಳೆಯುವವರು ಬಾಡಿಗೆಗೆ ಪಡೆಯುತ್ತಾರೆ. ವೇಗದ ಮಿತಿ ಗಂಟೆಗೆ 4 ಮೈಲಿ. ದಂಡೆಯಲ್ಲಿ ಬಿರುಸಾಗಿ ನಡೆಯುವವನು ದೋಣಿಯ ಜೊತೆಯಲ್ಲೇ ಸಾಗಬಲ್ಲ.

ದಿನದ ಹೆಚ್ಚಿನ ಹೊತ್ತು ಕಳೆಯುವುದು 'ಲಾಕ್'ಗಳಲ್ಲಿ. ನೆಲ ಏರಿದಲ್ಲಿ ನೀರನ್ನು ಏರಿಸಲಾಗದು, ದೋಣಿಯನ್ನು ಏರಿಸಬೇಕು. ಅದಕ್ಕಾಗಿ ಎರಡು ತುದಿಗೂ ಬಾಗಿಲುಗಳಿರುವ ಕಲ್ಲಿನ ಕೋಣೆಯೊಂದನ್ನು ಕಟ್ಟಿರುತ್ತಾರೆ. ದೋಣಿ ಒಳಬಂದೊಡನೆ ಕೆಳಗಿನ ಬಾಗಿಲು ಮುಚ್ಚಿ, ಮೇಲಿನ ತೂಬನ್ನು ಹಿಡಿಕೆ ತಿರುಗಿಸಿ ಎತ್ತಿದರೆ ಕೋಣೆ ತುಂಬುತ್ತದೆ, ನೀರಿನೊಂದಿಗೆ ದೋಣಿಯೂ ಮೇಲೇರುತ್ತದೆ. ಮೇಲಿನ ಬಾಗಿಲು ತೆರೆದು ಮುಂದೆ ಸಾಗಬಹುದು. ಕೆಲಸವೆಲ್ಲ ಬಹುತೇಕ ಪ್ರಯಾಣಿಕರದೇ. ವಾರ್ವಿಕ್ ಬಳಿಯ ಹ್ಯಾಟನ್‌ನಲ್ಲಿ ಇಂತಹ 21 ಲಾಕ್‌ಗಳು ಸಾಲಾಗಿವೆ. ಅವನ್ನು ದಾಟಲು ಅರ್ಧ ದಿನ ಹಿಡಿದರೂ ಯಾರೂ ಗೊಣಗುವುದಿಲ್ಲವಂತೆ! ಒಂದು ದೋಣಿ ಒಂದು ಲಾಕ್ ದಾಟಿದರೆ ಲಕ್ಷಕ್ಕೂ ಹೆಚ್ಚು ಲೀಟರ್ ನೀರು ಕೆಳಗಿಳಿಯುತ್ತದೆ. ಹೀಗಾಗಿ ಎತ್ತರದ ಭಾಗಕ್ಕೆ ನೀರುಣಿಸುವ ಕೆರೆಗಳು ಬತ್ತಿದರೆ ಸಂಚಾರ ನಿಲ್ಲುತ್ತದೆ. 2025ರ ಬೇಸಿಗೆಯ ಬರದಲ್ಲಿ ಲೀಡ್ಸ್-ಲಿವರ್‌ಪೂಲ್ ಕಾಲುವೆಯಲ್ಲಿ ಬಹುದೂರದವರೆಗೆ ದೋಣಿಗಳನ್ನು ತಡೆಯಬೇಕಾಯಿತು.

ಒಟ್ಟಿನಲ್ಲಿ ದೋಣಿಯ ಕಾಲುವೆಗೆ ಬೇಕಾದುದು ನಿಂತ ನೀರು. ನಮ್ಮ ಎಡದಂಡೆಯ ಕಾಲುವೆಗೆ ಬೇಕಾದುದು ಹರಿವ ನೀರು. ಮುನಿರಾಬಾದ್‌ನಿಂದ ರಾಯಚೂರಿನವರೆಗೆ ಇಳಿಜಾರನ್ನು ಲೆಕ್ಕ ಹಾಕಿ ಅದನ್ನು ತೋಡಲಾಗಿದೆ. ಶಿವಪುರದ ಬಳಿ ಕಾಲುವೆಯ ನೀರಿನ ಇಳಿತದಿಂದಲೇ ವಿದ್ಯುತ್ ಉತ್ಪಾದಿಸುತ್ತಾರೆ. ಇಂತಹ ಇಳಿತಗಳಲ್ಲಿ ಲಾಕ್ ಇಲ್ಲದೆ ದೋಣಿ ಇಳಿಯದು, ಏರುವುದಂತೂ ದೂರದ ಮಾತು. ಉಪಕಾಲುವೆಗಳಿಗೆ ಸರದಿಯ ಮೇಲೆ ನೀರು ಬಿಡುತ್ತಾರೆ. ಬೇಸಿಗೆಯಲ್ಲಿ ಕಾಲುವೆ ಬರಿದಾಗುತ್ತದೆ.

ಹರಿವು, ದೋಣಿ ಎರಡನ್ನೂ ಒಂದೇ ಕಾಲುವೆಯಲ್ಲಿ ಸಾಧಿಸುವ ಯತ್ನ ಇದೇ ತುಂಗಭದ್ರೆಯ ನೀರಿನಲ್ಲಿ ನಡೆದಿತ್ತೆಂಬುದು ಇಲ್ಲಿ ಅನೇಕರಿಗೆ ತಿಳಿದಿರಲಾರದು. ಕರ್ನೂಲಿನ ಬಳಿಯ ಸುಂಕೇಸುಲದಿಂದ ಕಡಪದವರೆಗೆ ಸುಮಾರು 300 ಕಿ.ಮೀ. ಸಾಗುವ ಕೆ.ಸಿ. ಕಾಲುವೆಯನ್ನು 1863ರಿಂದ 1870ರ ನಡುವೆ ಖಾಸಗಿ ಕಂಪನಿಯೊಂದು ತೋಡಿಸಿತು. ಎಂಜಿನಿಯರ್ ಆರ್ಥರ್ ಕಾಟನ್ ರೈಲಿಗಿಂತ ಜಲಮಾರ್ಗವೇ ಅಗ್ಗವೆಂದು ವಾದಿಸುತ್ತಿದ್ದ ಕಾಲವದು. ಬೇಸಾಯ ಮತ್ತು ಸಂಚಾರ ಎರಡಕ್ಕೂ ಎಂದು ಯೋಜಿಸಿ ಲಾಕ್‌ಗಳನ್ನೂ ಕಟ್ಟಿದರು. ಕಂಪನಿಗೆ ಲಾಭ ದೊರೆಯಲಿಲ್ಲ. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡಿತು. 1933ರ ನಂತರ ಅದು ಬೇಸಾಯಕ್ಕಷ್ಟೇ ಉಳಿಯಿತು.

ನದಿಯ ಮಾತು ಬೇರೆ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನ ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಒಂದರಲ್ಲಿ 15ರಿಂದ 20 ಮಂದಿ ಕೂರುತ್ತಿದ್ದರಂತೆ. ಆ ಹರಿಗೋಲು ಹಂಪಿಯ ದಡದಲ್ಲಿ ಪ್ರವಾಸಿಗರಿಗೆ ಇಂದಿಗೂ ಪರಿಚಿತ.

ಎಡದಂಡೆಯಲ್ಲಿ ದೋಣಿಯ ಮಾತೆತ್ತಿದರೆ ಕೊನೆಭಾಗದ ರೈತ ನಕ್ಕಾನು, ಇಲ್ಲವೇ ಸಿಟ್ಟಾದಾನು. ಮೂಲತಃ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದ 105.788 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಗೇಟ್‌ಗಳ ಬದಲಾವಣೆಗಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರಲು ನಿರ್ಧರಿಸಲಾಯಿತು. ಭತ್ತವನ್ನೇ ನಂಬಿದ ಸಿಂಧನೂರು ಸೀಮೆಗೆ ಇದು ಸಣ್ಣ ಪೆಟ್ಟಲ್ಲ. ನೀರು ಬಿಟ್ಟ ವರ್ಷಗಳಲ್ಲಿಯೂ ಮೇಲ್ಭಾಗದ ಅಕ್ರಮ ನೀರಾವರಿಯ ಬಗ್ಗೆ ಮಾನ್ವಿ, ಸಿರವಾರ, ರಾಯಚೂರು ಕಡೆಯವರ ದೂರು ತಪ್ಪಿದ್ದಲ್ಲ. 69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ, 104ನೇ ಮೈಲಿನಲ್ಲಿ ಎಷ್ಟಿದೆ ಎಂಬುದನ್ನು ಅವರು ದಿನವೂ ವಿಚಾರಿಸುತ್ತಾರೆ. ಪ್ರತಿಭಟನೆಯ ಮನವಿಪತ್ರಗಳಲ್ಲಿ ಮೊದಲು ಕಾಣುವುದೂ ಅವೇ ಅಂಕಿಗಳು.