ವಿಡಿಯೊ ಸಂಕೋಚನ: ಕಚ್ಚಾ ಕಡತದಿಂದ ವೆಬ್ ಪುಟದವರೆಗೆ

ಅಡ್ಡಕ್ಕೆ 1920, ಲಂಬಕ್ಕೆ 1080 ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಲೆಕ್ಕ ಹಾಕಿದರೆ ಒಂದು ಫ್ರೇಮಿಗೇ 62 ಲಕ್ಷ ಬೈಟ್ ಬೇಕು. ಸೆಕೆಂಡಿಗೆ 25 ಫ್ರೇಮಿನಂತೆ ಹತ್ತು ನಿಮಿಷದ ಯಕ್ಷಗಾನದ ತುಣುಕೊಂದು, ಧ್ವನಿಯನ್ನು ಬಿಟ್ಟೂ, 93 ಜಿಬಿ ತೂಗುತ್ತದೆ. ಅದನ್ನೇ ಸೆಕೆಂಡಿಗೆ 4 ಮೆಗಾಬಿಟ್ ದರಕ್ಕೆ ಇಳಿಸಿದರೆ 300 ಎಂಬಿ. ಮುನ್ನೂರರಲ್ಲಿ ಒಂದು ಪಾಲು ಉಳಿಸಿಕೊಂಡೂ ನೋಡುವವರಿಗೆ ಕೊರತೆ ಕಾಣದಂತೆ ಮಾಡುವುದೇ ವಿಡಿಯೊ ಸಂಕೋಚನ.

ಮೊದಲು ಕತ್ತರಿ ಬೀಳುವುದು ಬಣ್ಣಕ್ಕೆ. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಹಿಡಿದಷ್ಟು ಚುರುಕಾಗಿ ಬಣ್ಣವನ್ನು ಹಿಡಿಯದು. ಹಾಗಾಗಿ ನಾಲ್ಕು ಪಿಕ್ಸೆಲ್‌ಗಳು ಒಂದೇ ಬಣ್ಣದ ಅಳತೆಯನ್ನು ಹಂಚಿಕೊಳ್ಳುತ್ತವೆ. ಗಾತ್ರ ಅಲ್ಲಿಗೇ ಅರ್ಧವಾಗುತ್ತದೆ.

ದೊಡ್ಡ ಉಳಿತಾಯ ಕಾಲದಲ್ಲಿದೆ. ರಂಗಸ್ಥಳದ ಹಿಂದಿನ ಪರದೆ ಅಲುಗುವುದಿಲ್ಲ, ಭಾಗವತರು ಕೂತಲ್ಲೇ ಇರುತ್ತಾರೆ. ವಿಡಿಯೊವನ್ನು ಕುಗ್ಗಿಸಿ ಬಿಡಿಸುವ ವಿಧಾನವಾದ ಕೊಡೆಕ್ ಒಂದು ಫ್ರೇಮನ್ನು ಪೂರ್ತಿ ಉಳಿಸಿ, ಮುಂದಿನವುಗಳಲ್ಲಿ ಯಾವ ತುಂಡು ಎಷ್ಟು ಸರಿಯಿತು ಎಂಬುದನ್ನಷ್ಟೇ ಬರೆದುಕೊಳ್ಳುತ್ತದೆ. ವೇಷಧಾರಿ ಗಿರಗಿರನೆ ತಿರುಗುತ್ತ ಧೀಂಗಿಣ ಹಾಕತೊಡಗಿದಾಗಲೇ ಅದಕ್ಕೆ ಕಷ್ಟ. ಪ್ರತಿ ಫ್ರೇಮೂ ಹೊಸದು. ಕೊಟ್ಟ ಬಿಟ್‌ಗಳು ಸಾಲದೆ ನೆರಿಗೆ, ಕಿರೀಟ, ಮುಖವರ್ಣಿಕೆ ಚೌಕ ಚೌಕವಾಗಿ ಒಡೆಯುತ್ತವೆ. ಜೋರು ಮಳೆ, ಜೋಗದ ನೀರಿನ ನೊರೆ ಕೂಡ ಹೀಗೆಯೇ ಕಾಡುತ್ತವೆ.

ಆ ಚೌಕಗಳ ಹಿಂದೆ ಬೆಂಗಳೂರಿನವರೊಬ್ಬರ ಗಣಿತವಿದೆ. ಇಲ್ಲಿ ಹುಟ್ಟಿ, ಇಂದು ಯುವಿಸಿಇ ಎಂದು ಕರೆಯುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್ ಅವರು ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಕುರಿತ ಸಂಶೋಧನೆಗೆ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಿಂದ ಹಣ ಕೇಳಿದರು. ಸಿಗಲಿಲ್ಲ. ಆದರೂ ಕೆಲಸ ಬಿಡದೆ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಚಿತ್ರದ ಪುಟ್ಟ ಚೌಕವನ್ನು ಒರಟು ಅಲೆ, ನವಿರು ಅಲೆಗಳಾಗಿ ಬಿಡಿಸುವ ವಿಧಾನವಿದು. ಕಣ್ಣಿಗೆ ನಿಲುಕದ ನವಿರು ಅಲೆಗಳನ್ನು ಕೈಬಿಟ್ಟರೆ ನಷ್ಟ ಗೊತ್ತಾಗದು. ಜೆಪೆಗ್ ಚಿತ್ರಗಳೂ ಎಂಪೆಗ್ ವಿಡಿಯೊಗಳೂ ಇದರ ಮೇಲೇ ನಿಂತಿವೆ.

ಈ ಉಪಾಯಗಳನ್ನೆಲ್ಲ ಒಟ್ಟಿಗೆ ಬಳಸುವ, 2003ರಲ್ಲಿ ಬಂದ ಎಚ್.264 ಕೊಡೆಕ್, ಎಂಪಿ4 ಎಂಬ ಡಬ್ಬಿಯೊಳಗೆ ಕೂತು ಬಹುತೇಕ ಎಲ್ಲ ಬ್ರೌಸರ್‌ಗಳಲ್ಲೂ ಓಡುತ್ತದೆ. 2018ರ ಎವಿ1 ಇನ್ನೂ ಚಿಕ್ಕದಾಗಿಸಬಲ್ಲದು, ಆದರೆ ಪರಿವರ್ತನೆಗೆ ಹೆಚ್ಚು ಹೊತ್ತು ಬೇಕು. ಹಳೆಯ ಫೋನುಗಳಿಗೆ ಅದನ್ನು ಬಿಡಿಸುವುದೂ ಭಾರ.

ಪರಿವರ್ತನೆಗೆ ಹೆಚ್ಚಿನವರು ಹಿಡಿಯುವುದು 2000ದಲ್ಲಿ ಫಾಬ್ರಿಸ್ ಬೆಲ್ಲಾರ್ ಆರಂಭಿಸಿದ ಉಚಿತ ತಂತ್ರಾಂಶ ಎಫ್‌ಎಫ್‌ಎಂಪೆಗ್. ಅದರಲ್ಲಿ ಎಚ್.264ರ ಗುಣಮಟ್ಟವನ್ನು ನಿರ್ಧರಿಸುವುದು ಸಿಆರ್‌ಎಫ್ ಎಂಬ ಒಂದು ಅಂಕಿ. ತಾನಾಗಿ 23 ಇರುತ್ತದೆ. ಆರು ಏರಿಸಿದರೆ ಕಡತ ಸುಮಾರು ಅರ್ಧಕ್ಕಿಳಿಯುತ್ತದೆ. ಯಾವ ಅಂಕಿಯಾದರೂ ಬಿಸಾಡಿದ್ದು ಮರಳಿ ಬಾರದು. ಫೋನಿನ ಮೂಲ ಕಡತವೂ ಒಮ್ಮೆ ಕುಗ್ಗಿದ್ದೇ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯನ್ನು ಮತ್ತೆ ಕುಗ್ಗಿಸಿದರೆ ಮುಖಗಳು ಮಸುಕಾಗುವುದು ಅದಕ್ಕೇ. ಮೂಲವನ್ನು ಅಳಿಸದೆ, ಪ್ರತಿ ಬಾರಿಯೂ ಅದರಿಂದಲೇ ಪರಿವರ್ತಿಸಬೇಕು.

ಉಳಿದದ್ದು ಫಾಸ್ಟ್‌ಸ್ಟಾರ್ಟ್ ಎಂಬ ಆಯ್ಕೆ. ಎಂಪಿ4 ಕಡತದ ಸೂಚಿ ಸಾಮಾನ್ಯವಾಗಿ ಬಾಲದಲ್ಲಿರುತ್ತದೆ. ಬ್ರೌಸರ್ ಅದನ್ನು ಹುಡುಕಿಕೊಂಡು ಕೊನೆಗೆ ಹೋಗಬೇಕು, ಸರ್ವರ್ ಬಿಡದಿದ್ದರೆ ಇಡೀ ಕಡತ ಇಳಿಯುವವರೆಗೆ ಕಾಯಬೇಕು. ಈ ಆಯ್ಕೆ ಸೂಚಿಯನ್ನು ತಲೆಗೆ ತರುತ್ತದೆ. ಕಡತದ ಮೊದಲ ಭಾಗ ಇಳಿಯುತ್ತಿದ್ದಂತೆ ಚಂಡೆ ಕೇಳಿಸತೊಡಗುತ್ತದೆ.