ದ್ಯುತಿಧ್ವನಿಚಿತ್ರಣದಲ್ಲಿ ನೀರಕ್ಷೀರವಿವೇಕ

ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ ಗ್ರಾನೈಟ್ ಕೊಯ್ಯುವ ಯಂತ್ರಗಳ ಸದ್ದು ಒಂದರೊಡನೊಂದು ಬೆರೆತು ಕೇಳಿಬರುವುದು. ಅದನ್ನು ಬಿಡಿಸಿ ಹೇಳಬಲ್ಲವನು ಒಂದೊಂದು ಯಂತ್ರದ ಧ್ವನಿಯನ್ನೂ ಮೊದಲೇ ಪ್ರತ್ಯೇಕವಾಗಿ ಕೇಳಿದವನು ಮಾತ್ರ. ದೇಹದ ಅಂಗಾಂಶಗಳನ್ನು ಬೆಳಕಿನಿಂದ ನಾದಗೊಳಿಸಿ ಚಿತ್ರಿಸುವ ದ್ಯುತಿಧ್ವನಿವಿದ್ಯೆಗೂ ಈ ನಿಯಮವೇ ಆಧಾರವೆಂಬುದನ್ನೂ, ಅದಕ್ಕಿರುವ ಮಿತಿಯನ್ನೂ ಪ್ರಕೃತ ಲೇಖನದಲ್ಲಿ ವಿಚಾರಿಸಲಾಗುವುದು.

1880ರಲ್ಲಿ ಅಮೆರಿಕದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲರು, ತಡೆತಡೆದು ಬೀಳುವ ಬಿಸಿಲಿಗೆ ಪದಾರ್ಥಗಳು ನಾದಮಾಡುವುದನ್ನು ಕಂಡರು. ಮರುವರ್ಷ ಬಿಸಿಲಿನ ಬಣ್ಣಗಳನ್ನು ವಿಂಗಡಿಸಿ ಹಾಯಿಸಿ, ಪದಾರ್ಥಭೇದದಿಂದ ನಾದವು ಪ್ರಬಲವಾಗುವ ಬಣ್ಣವೂ ಭಿನ್ನವೆಂದು ತಿಳಿಸಿದರು. ಬೆಳಕು ಧ್ವನಿಗಳಿಗೆ ಇನ್ನೊಂದು ಸಂಬಂಧವೂ ಉಂಟು. ಶ್ರವಣಾತೀತ ಧ್ವನಿತರಂಗಗಳಿಂದ ಬೆಳಕು ವಿವರ್ತಿತವಾಗುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರೂ ಎನ್. ಎಸ್. ನಾಗೇಂದ್ರನಾಥರೂ 1935-36ರಲ್ಲಿ ನಿರೂಪಿಸಿದರು. ಅದೇ ಸಂಸ್ಥೆಯಲ್ಲಿ ನಮ್ಮ ಕಾಲದಲ್ಲಿ ಫಣೀಂದ್ರ ಯಲವರ್ತಿಯವರೇ ಮೊದಲಾದವರು ದ್ಯುತಿಧ್ವನಿಚಿತ್ರಗಳನ್ನು ಗಣಿತದಿಂದ ರಚಿಸುವ ಕ್ರಮಗಳನ್ನು ಶೋಧಿಸಿದ್ದಾರೆ. ಈ ಉಪಾಯದಿಂದ ಇಲಿಯ ಮಿದುಳನ್ನು ಕೊಯ್ಯದೆಯೇ ಚಿತ್ರಿಸಿದ ಪ್ರಯೋಗವು ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾಯಿತು.

ಇದರ ಕ್ರಮವು ಹೀಗಿದೆ. ಕ್ಷಣಮಾತ್ರದ ಲೇಸರ್ ಬೆಳಕನ್ನು ಹೀರಿದ ಅಂಗಾಂಶವು ಅತ್ಯಲ್ಪವಾಗಿ ಕಾದು ಹಿಗ್ಗುವುದು. ಆ ಹಿಗ್ಗುವಿಕೆಯಿಂದ ಶ್ರವಣಾತೀತ ಧ್ವನಿ ಹೊರಡುವುದು. ಪ್ರಾಣವಾಯುವನ್ನು ಹೊತ್ತ ಹಿಮೋಗ್ಲೋಬಿನ್ನೂ ಹೊರದ ಹಿಮೋಗ್ಲೋಬಿನ್ನೂ ಒಂದೇ ರಕ್ತನಾಳದಲ್ಲಿ ಬೆರೆತಿರುವುವು. ಸುಮಾರು 800 ನ್ಯಾನೊಮೀಟರ್ ತರಂಗಾಂತರದಲ್ಲಿ ಎರಡೂ ಸಮವಾಗಿ ಬೆಳಕನ್ನು ಹೀರುವುವು. 750ರಲ್ಲಿ ಹೊರದುದೂ, 850ರಲ್ಲಿ ಹೊತ್ತುದೂ ಅಧಿಕವಾಗಿ ಹೀರುವುವು. ಈ ಭೇದವನ್ನು ಮೊದಲೇ ಅರಿತಿದ್ದರೆ, ಎರಡು ತರಂಗಾಂತರಗಳ ಧ್ವನಿಯಿಂದ ಎರಡು ಸಮೀಕರಣಗಳನ್ನು ಬರೆದು ಒಂದೊಂದರ ಪಾಲನ್ನೂ ಬೇರ್ಪಡಿಸಬಹುದು. ಚರ್ಮದ ಮೆಲನಿನ್ ಧ್ವನಿಯೂ ಇದರೊಡನೆ ಬೆರೆತರೆ ಮೂರನೆಯ ತರಂಗಾಂತರವು ಅವಶ್ಯಕ.

ಹಾಗಾದರೆ ತರಂಗಾಂತರಗಳನ್ನು ಹೆಚ್ಚಿಸಿದರೆ ಸಾಲದೆ ಎಂದರೆ, ಸಾಲದು. ಲಿಪಿಕಾರನ ಕೈಯಲ್ಲಿ ಪಾಠವು ಮಾರ್ಪಡುವಂತೆ, ಚರ್ಮವನ್ನೂ ರಕ್ತವನ್ನೂ ದಾಟುವ ಬೆಳಕು ದಾರಿಯಲ್ಲಿಯೇ ಮಾರ್ಪಡುವುದು. ಒಳಗೆ ತಲಪಿದ ಬಣ್ಣಗಳ ಪ್ರಮಾಣವು ಹೊರಗಿನಿಂದ ಕಳುಹಿಸಿದ ಪ್ರಮಾಣವಲ್ಲ. ಇದನ್ನು ಗಣಿಸದೆ ಬೇರ್ಪಡಿಸಿದರೆ ಪ್ರಾಣವಾಯುವಿನ ಲೆಕ್ಕವೇ ತಪ್ಪುವುದು. ಮೆಲನಿನ್ ಅಧಿಕವಾಗಿರುವ ಶ್ಯಾಮವರ್ಣದವರು ಬಹುಮಂದಿಯಿರುವ ನಮ್ಮ ನಾಡಿನಲ್ಲಿ ಈ ತಪ್ಪು ರೋಗಿಯ ಪ್ರಾಣಕ್ಕೆ ಸಂಬಂಧಿಸಿದುದು. ಪ್ರತಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಮೂಲಪಾಠವು ದೊರೆಯದು. ಅವು ನಡೆದುಬಂದ ದಾರಿಯನ್ನೂ ಶೋಧಿಸಬೇಕೆಂಬುದನ್ನು ಪಾಠಶೋಧಕರು ಬಲ್ಲರಷ್ಟೆ. ಅದೇ ನ್ಯಾಯವು ಇಲ್ಲಿಯೂ ಸಲ್ಲತಕ್ಕದ್ದು.